ಮೊದಲು ಹೆದರುವವಳು

ನಿಂಗಮ್ಮ ಸತ್ತವಳ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಉಗುರುಸಂದಿಯ ಕಪ್ಪನ್ನು ಕಡ್ಡಿಯಿಂದ ತೆಗೆಯುತ್ತಿದ್ದಳು. ಮೈತೊಳೆಸಲು ಬಿಸಿನೀರು ತಂದಿಟ್ಟ ಹೆಂಗಸರು ಆಗಲೇ ಎರಡು ಸಲ ಅವಳನ್ನು ಕರೆದಿದ್ದರು. ಮೂವತ್ತು ವರ್ಷ ತೆಂಗಿನ ಚಿಪ್ಪು ಒಡೆದ ಹೊಂಬಾಳಮ್ಮನ ಕೈ ಅದು. ಆ ಕಪ್ಪು ಬಿಡುವಂಥದಾಗಿರಲಿಲ್ಲ.

“ಬುಡು ನಿಂಗಿ, ಹಂಗೇ ಹೋಗ್ಲಿ. ಗೇದು ಬಂದೋಳು ಅಂತ ಅಲ್ಲಿರೋರ್ಗೂ ಗೊತ್ತಾಗ್ಲಿ,” ಎಂದಳು ಜೊತೆಗೆ ಚಿಪ್ಪೊಡೆಯುವ ಬೋರಮ್ಮ. ಅಳುತ್ತಿದ್ದವರಲ್ಲಿ ಇಬ್ಬರು ನಗು ಬಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನಿಂಗಮ್ಮನಿಗೆ ಆ ಕೈ ಬಿಡಲು ಭಯ. ಬಿಟ್ಟರೆ ಏಳಬೇಕು. ಎದ್ದರೆ, ಅಂಗಳದ ಚಪ್ಪರದಡಿ ನಿಂತಿದ್ದ ಮಲ್ಲಿಕಾರ್ಜುನಯ್ಯನವರಿಗೆ ಉತ್ತರ ಕೊಡಬೇಕು.

ಬಿಳಿಗೆರೆ ಸುತ್ತಿನಲ್ಲಿ ದೊಡ್ಡ ತೋಟದವರು ಅವರು. ಬೆಳಗ್ಗೆಯೇ ಹಾರ ತಂದು ಹಾಕಿ ಕಣ್ಣೊರೆಸಿಕೊಂಡಿದ್ದರು. ಆ ಕಣ್ಣೀರು ಸುಳ್ಳಲ್ಲ. ಆಮೇಲೆ ನಿಂಗಮ್ಮನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ತಮ್ಮ ಕಷ್ಟ ಹೇಳಿದರು. ನಾಳೆ ತಿಪಟೂರಿನ ಮಾರುಕಟ್ಟೆ. ಬೆಳಗಿನ ಜಾವಕ್ಕೆ ಲಾರಿ ಬರುತ್ತದೆ. ತಮ್ಮ ಅಟ್ಟದ ಅರ್ಧ ಕೊಬ್ಬರಿ ಇನ್ನೂ ಚಿಪ್ಪಿನಲ್ಲೇ ಇದೆ. ಮಣ್ಣು ಮುಗಿಸಿ, ಮಿಂದು, ದೀಪ ನೋಡಿದ ಮೇಲೆ ಒಂದು ಮಧ್ಯಾಹ್ನ ಬಂದು ಕೂತರೆ ಸಾಕು. ಆಗದಿದ್ದರೆ ದಬ್ಬೇಘಟ್ಟದ ಕಡೆಯ ಗುಂಪೊಂದು ಬಿಳಿಗೆರೆಯಲ್ಲಿ ಬೀಡುಬಿಟ್ಟಿದೆ, ಅವರಿಗೆ ಹೇಳಿಕಳಿಸಬೇಕಾಗುತ್ತದೆ. ನಡುವೆ ಬಿಟ್ಟ ಅಟ್ಟದಲ್ಲಿ ಬೇರೆ ಗುಂಪು ಕೂತರೆ, ಮೊದಲಿನ ಗುಂಪು ಆ ವರ್ಷ ಮತ್ತೆ ಅಲ್ಲಿ ಕೂರುವುದಿಲ್ಲವೆಂಬುದು ಆ ಕಡೆಯ ರೂಢಿ. ನಿಂಗಮ್ಮನ ಗುಂಪಿನ ಏಳು ಮನೆಗೆ ಆ ಅಟ್ಟವೇ ಅರ್ಧ ವರ್ಷದ ಗಂಜಿ.

“ಹೊಂಬಾಳಮ್ಮ ಇದ್ದಿದ್ರೆ ಇಲ್ಲ ಅಂತಿರ್ಲಿಲ್ಲ ಕಣಮ್ಮ. ಇನ್ಮೇಲೆ ಮುಂದೆ ನಿಂತು ನಡೆಸೋಳು ನೀನೇ ತಾನೇ?”

ನಿಂಗಮ್ಮ ತಲೆ ತಗ್ಗಿಸಿದ್ದಳು. ಅವರು ಅದನ್ನೇ ಅರ್ಧ ಒಪ್ಪಿಗೆ ಅಂದುಕೊಂಡು, ಬಾಯಿಮಾತಿಗೆ ಕಾಯುತ್ತಿದ್ದರು.

ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಗಂಡಾಳುಗಳು ಕಂಬಗಳ ಮೇಲೆ ಕಟ್ಟಿದ ಅಟ್ಟದಿಂದ ಇಳಿಸಿ ಸುಲಿದು ಕೊಡುತ್ತಾರೆ. ಮೇಲೆ ಉಳಿದ ಸಾವಿರಾರು ಕಾಯಿಯ ಭಾರದಡಿ ಕೂತು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ಸೀಳದಂತೆ ತೆಗೆಯುವುದು ಹೆಂಗಸರ ಕೆಲಸ. ನಾಲ್ಕು ದಿನದ ಹಿಂದೆ ಮಲ್ಲಿಕಾರ್ಜುನಯ್ಯನವರಲ್ಲಿ ಹಾಗೆ ಕೂತಿದ್ದಾಗ ಹೊಂಬಾಳಮ್ಮ ಇದ್ದಕ್ಕಿದ್ದಂತೆ ಎದ್ದು ಅಟ್ಟದ ನಡುಗಂಬಕ್ಕೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ನಿಂತು, ಇವತ್ತಿಗೆ ಸಾಕು ಎಂದು ಎಲ್ಲರನ್ನೂ ಎಬ್ಬಿಸಿದಳು. ಅಂದು ಸಂಜೆಗೇ ಜ್ವರ ಬಂತು. ಮಾರನೆಯ ದಿನ ಮಾತು ನಿಂತಿತು. ಕೈಗೆ ತಿಳಿದದ್ದು ಕಂಬದ ಸುದ್ದಿಯೋ, ಏರುತ್ತಿದ್ದ ಜ್ವರದ ತಲೆಸುತ್ತೋ, ಹೇಳದೆಯೇ ಹೋದಳು.

* * *

ಊರಿಗೆ ಕರೆಂಟು ಬಂದ ವರ್ಷ ನಿಂಗಮ್ಮ ಗುಂಪಿಗೆ ಸೇರಿದ್ದಳು. ಯಾವ ಅಟ್ಟವಾದರೂ ಮೊದಲು ಹೊಂಬಾಳಮ್ಮ ಒಬ್ಬಳೇ ಒಳಹೋಗುತ್ತಿದ್ದಳು. ಒಂದು ಎಲೆ-ಅಡಿಕೆ ಅಗಿಯುವಷ್ಟು ಹೊತ್ತು ತೊಲೆಯ ಕೆಳಗೆ ನಿಂತು, ಹೊರಬಂದು ಉಗುಳಿ, ಬನ್ನಿ ಎನ್ನುತ್ತಿದ್ದಳು. ಒಂದು ದಿನ ಮಾತ್ರ ಬನ್ನಿ ಎನ್ನಲಿಲ್ಲ. ಅಂಗಳದಲ್ಲಿ ಕೂತುಬಿಟ್ಟಳು. ಕೇಳಿದರೆ ಯಾಕೋ ಹೆದರಿಕೆ ಅಂದಳು. ತೋಟದವರು ಹುಚ್ಚಿ ಎಂದು ಬೈದರು. ಸಂಜೆಯವರೆಗೆ ಕೂತರೂ ಅಟ್ಟ ಬೀಳಲಿಲ್ಲ. ಮುಂದಿನ ವರ್ಷವೂ ಬೀಳಲಿಲ್ಲ.

ಅಂದು ದಾರಿಯಲ್ಲಿ ಬೋರಮ್ಮ ಎದೆ ಹಿಡಿದುಕೊಂಡು, ಕಣ್ಣರಳಿಸಿ ಅವಳನ್ನು ಅಣಕಿಸಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊಂಬಾಳಮ್ಮನೂ ನಕ್ಕಳು.

“ನಗ್ರೇ, ನಗ್ರಿ. ನಗಾಕೆ ಎಲ್ರೂ ಇದ್ದೀರಲ್ಲ, ಅಷ್ಟು ಸಾಕು.”

ಹೋದ ಶ್ರಾವಣದಲ್ಲಿ, ತೋಟದ ಬದುವಿನ ಮೇಲೆ ಹಿಂದುಮುಂದಾಗಿ ನಡೆಯುವಾಗ, ತನ್ನ ನಂತರ ಗುಂಪು ನಿನ್ನದು ಎಂದು ನಿಂಗಮ್ಮನಿಗೆ ಹೇಳಿದಳು. ನಿಂಗಮ್ಮ ನಿಂತುಬಿಟ್ಟಳು. ತನಗೆ ಕತ್ತಲೆ ಕಂಡರೆ ಭಯ, ಯಜಮಾನರು ದನಿಯೇರಿಸಿದರೆ ಭಯ. ಬೋರಮ್ಮನಾದರೆ ಯಾರಿಗೂ ಜಗ್ಗುವವಳಲ್ಲ, ಅವಳೇ ಸರಿ ಎಂದಳು.

“ಬೋರಿ ಒಳ್ಳೇಳು ಕಣೇ,” ಎಂದಳು ಹೊಂಬಾಳಮ್ಮ. “ಆದ್ರೆ ಅವಳು ಯಾವತ್ತೂ ಬಾಗ್ಲಲ್ಲಿ ಒಂದು ಗಳಿಗೆ ನಿಂತೋಳಲ್ಲ. ಮುಂದೆ ಹೋಗೋಳು ಮೊದ್ಲು ಹೆದರ್ಬೇಕು. ಇಲ್ದಿದ್ರೆ ಹಿಂದೆ ಬರೋರ ಗತಿ ಏನು?”

* * *

ಹೊಂಬಾಳಮ್ಮನ ಮಗ ಸಣ್ಣತಿಮ್ಮಯ್ಯ ಹೊಲದ ಮೂಲೆಯಲ್ಲಿ ಗುಂಡಿ ತೆಗೆಸಿದ್ದ. ಒಬ್ಬೊಬ್ಬರೂ ಹಿಡಿಮಣ್ಣು ಹಾಕಿದರು. ನಿಂಗಮ್ಮನ ಮುಷ್ಟಿ ಎಷ್ಟು ಹೊತ್ತಾದರೂ ಬಿಚ್ಚದೆ, ಹಿಂದಿದ್ದವರು ಮೊಣಕೈ ತಟ್ಟಬೇಕಾಯಿತು. ಮಿಂದು ಬಂದು, ಹೆಣವಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಏಳು ಜನರೂ ಒದ್ದೆ ತಲೆಯಲ್ಲೇ ತೋಟದ ದಾರಿ ಹಿಡಿದರು.

ಅಟ್ಟದ ಬಾಗಿಲಲ್ಲಿ ಎಲ್ಲರೂ ನಿಂಗಮ್ಮನ ಮುಖ ನೋಡಿದರು. ಅವಳು ಒಬ್ಬಳೇ ಒಳಹೋದಳು.

ಮೂರು ವಾರದ ಮಳೆ ಬಿಟ್ಟು ಎರಡು ದಿನವಾಗಿತ್ತು. ಒಳಗೆ ಕತ್ತಲೆ, ಹಳೆಯ ಹೊಗೆಯ ವಾಸನೆ. ತಲೆಯ ಮೇಲೆ ಕಾಯಿಗಳು ಸದ್ದಿಲ್ಲದೆ ಕೂತಿದ್ದವು. ಅವಳು ನಡುಗಂಬಕ್ಕೆ ಅಂಗೈ ಇಟ್ಟಳು. ಕಂಬ ತಣ್ಣಗಿತ್ತು. ಅಲುಗಲಿಲ್ಲ, ಕಿರುಗುಟ್ಟಲಿಲ್ಲ. ಕೈ ಇಟ್ಟರೆ ತನಗೂ ಏನಾದರೂ ತಿಳಿದೀತೆಂದು ಬೆಳಗ್ಗೆಯಿಂದ ಆಸೆಯಿತ್ತು. ಏನೂ ತಿಳಿಯಲಿಲ್ಲ. ಆ ಕತ್ತಲೆಯಲ್ಲಿ ನಿಂತಾಗ ಒಂದು ಯೋಚನೆ ಬಂತು: ಹೊಂಬಾಳಕ್ಕನಿಗೂ ಇಷ್ಟು ವರ್ಷ ಯಾವ ಕಂಬವೂ ಏನೂ ಹೇಳಿರಲಿಲ್ಲವೇನೋ.

ಹೊರಬಂದು ಅವಳು ಬಾಗಿಲಿಗೆ ಅಡ್ಡವಾಗಿ ಹೊಸ್ತಿಲ ಬದಿಯಲ್ಲಿ ಕೂತಳು. ಕಾಲು ಚಾಚಿದಳು. ಕೂತ ಮನುಷ್ಯರನ್ನು, ಅದೂ ಸಾವಿನ ಮನೆಯಿಂದ ಬಂದವರನ್ನು, ಯಾರೂ ದಾಟುವುದಿಲ್ಲ.

ಬೋರಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಹಲ್ಲಿ ಲೊಚಗುಟ್ಟಿದ್ರೆ ಮೂರು ದಿನ ಮಲಗೋಳು ನೀನು. ಏಳೇ ಮ್ಯಾಕೆ. ಏಳು ಮನೆ ಒಲೆ ಆರೋಯ್ತದೆ.”

“ಆರ್ಲಿ,” ಎಂದಳು ನಿಂಗಮ್ಮ. “ಹಚ್ಚೋಕೆ ನಾವಿರ್ತೀವಿ.”

ಮಲ್ಲಿಕಾರ್ಜುನಯ್ಯನವರು ಕೂಗಾಡಲಿಲ್ಲ. ಒಳಹೊಕ್ಕು ನೋಡೋಣವೆಂದರೆ ಅವರೂ ಅವಳನ್ನು ದಾಟುವಂತಿರಲಿಲ್ಲ. ಈ ಅಟ್ಟ ತಮ್ಮ ತಂದೆ ಕಟ್ಟಿಸಿದ್ದು, ಇವತ್ತಿನದಲ್ಲ ಎಂದಷ್ಟೇ ಹೇಳಿ ಬಿಳಿಗೆರೆಗೆ ಆಳು ಕಳಿಸಿದರು. ಬೋರಮ್ಮ ದೂರ ಹೋಗಿ ತೆಂಗಿನ ಬುಡದಲ್ಲಿ ಬೆನ್ನು ತಿರುಗಿಸಿ ನಿಂತು, ಕೇಳಿಸುವಂತೆ ತನಗೆ ತಾನೇ ಬೈದುಕೊಳ್ಳುತ್ತಿದ್ದಳು. ಸತ್ತವಳೂ ಹುಚ್ಚಿ, ಉಳಿದವಳೂ ಹುಚ್ಚಿ, ನಡುವೆ ಸಿಕ್ಕಿಕೊಂಡ ತಾನು ಇನ್ನೂ ದೊಡ್ಡ ಹುಚ್ಚಿ.

ಹೊತ್ತು ಇಳಿಯುವಾಗ ಟ್ರಾಕ್ಟರಿನಲ್ಲಿ ದಬ್ಬೇಘಟ್ಟದ ಹೆಂಗಸರು ಬಂದರು. ಮುಂದಾಳು ಇನ್ನೂ ಚಿಕ್ಕ ವಯಸ್ಸಿನವಳು, ಕಂಕುಳಲ್ಲಿ ಮಗು. ಮಚ್ಚು ಹಿಡಿದು ಇಳಿದವಳು ಹೊಸ್ತಿಲ ಬಳಿ ಕೂತ ನಿಂಗಮ್ಮನ ಒದ್ದೆ ಕೂದಲನ್ನು ನೋಡಿ, ಏನಾಯಿತೆಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಕಂಬ ಬಿರಿದಿದೆ ಎಂದರೆ ಸಾಕಿತ್ತು. ನಿಂಗಮ್ಮ ಯಜಮಾನರ ಕಡೆ ನೋಡಿದಳು, ಬೋರಮ್ಮನ ಬೆನ್ನಿನ ಕಡೆ ನೋಡಿದಳು.

“ಹೆದ್ರಿಕೆ ಆಯ್ತದೆ ಕಣವ್ವ. ಏನೂ ಕಂಡಿಲ್ಲ, ಏನೂ ಕೇಳ್ಸಿಲ್ಲ. ಬರೀ ಹೆದ್ರಿಕೆ.”

ಯಾರೂ ನಗಲಿಲ್ಲ. ಆ ಹುಡುಗಿ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. ಯಜಮಾನರು ಹೊತ್ತಾಯಿತೆಂದರು. ಅವಳು ಮಚ್ಚನ್ನು ನೆಲಕ್ಕಿಟ್ಟು ನಿಂಗಮ್ಮನ ಪಕ್ಕ ಕೂತಳು. ಅವಳ ಹಿಂದೆ ಬಂದವರೂ ಒಬ್ಬೊಬ್ಬರಾಗಿ ಕುಕ್ಕರಗಾಲಲ್ಲಿ ಕೂತರು.

ಸಂಜೆಬಿಸಿಲು ತೆಂಗಿನ ಸಾಲಿನಡಿಯಿಂದ ಓರೆಯಾಗಿ ಬಂದು, ಪಡುವಣಕ್ಕೆ ತೆರೆದಿದ್ದ ಬಾಗಿಲ ಮೂಲಕ ಅಂದು ಮೊದಲ ಸಲ ಅಟ್ಟದ ಅಡಿಗೆ ಬಿತ್ತು. ಬೋರಮ್ಮನ ಗೊಣಗಾಟ ನಿಂತಿತು. ನಡುಗಂಬವೂ ತೊಲೆಯೂ ಕೂಡುವಲ್ಲಿಂದ ಮರದ ಹಳದಿ ಹುಡಿ, ಜರಡಿಯಿಂದ ಹಿಟ್ಟು ಬೀಳುವಂತೆ, ಸದ್ದಿಲ್ಲದೆ, ಒಂದೇ ಸಮನೆ ಉದುರುತ್ತಿತ್ತು.