ಅಕ್ಕ ಅಂದವರೆಲ್ಲ

ಶಿವದೇವಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಗಂಡ ವಿಜಯಕುಮಾರ ನಗುತ್ತ ಹೇಳಿಬಿಡುತ್ತಿದ್ದ: "ಆರುನೂರು ವರ್ಷದ ಹಿಂದ ಸತ್ತವರ ಲಗ್ನ ಸರಿಯಾಗಿತ್ತೋ ಇಲ್ಲೋ ನೋಡ್ತಾಳ."

ಚೇಷ್ಟೆಯ ಮಾತಾದರೂ ಸುಳ್ಳಾಗಿರಲಿಲ್ಲ. ನಾರಾಯಣಗುಡದ ಒಂದು ಹಳೇ ಕಟ್ಟಡದ ಮೇಲಂತಸ್ತಿನಲ್ಲಿ ಮೋಹನ ಎಂಬವರು ನಡೆಸುವ ಪುಟ್ಟ ಆಫೀಸಿತ್ತು. ಪರದೇಶದವರು ತಮ್ಮ ಮನೆತನದ ಮೂಲ ಹುಡುಕಿಕೊಡಿ ಎಂದು ಅಲ್ಲಿಗೆ ಬರೆಯುತ್ತಿದ್ದರು. ಗುಲ್ಬರ್ಗದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಮದುವೆಯಾಗಿ ಹೈದರಾಬಾದಿಗೆ ಬಂದ ಶಿವದೇವಿ ಮೊದಲು ಶಾಲೆಯಲ್ಲಿ ಪಾಠ ಹೇಳಿದಳು. ಗಂಟಲು ಕೆಟ್ಟ ಮೇಲೆ ಈ ಕೆಲಸ ಹಿಡಿದಳು. ಅವಳ ಪಾಲಿಗೆ ಬಂದದ್ದು ಸ್ಕಾಟ್ಲೆಂಡ್. ಅಲ್ಲಿನ ಹಳೇ ದಾನಪತ್ರಗಳು, ಜಮೀನಿನ ಸನ್ನದುಗಳು, ಮದುವೆಗೆ ಪೋಪರು ಕೊಟ್ಟ ಅಪ್ಪಣೆಗಳು ಎಲ್ಲ ಈಗ ಕಂಪ್ಯೂಟರಿನ ಪರದೆಯ ಮೇಲೇ ಸಿಗುತ್ತವೆ. ಓದಲಿಕ್ಕೆ ಬೇಕಾದಷ್ಟು ಲ್ಯಾಟಿನ್ನನ್ನು ಅವಳು ಒಲೆಯ ಮೇಲೆ ಬೇಳೆ ಇಟ್ಟುಕೊಂಡೇ ಕಲಿತಿದ್ದಳು.

ಆ ಸಲ ಕೈಯಲ್ಲಿದ್ದದ್ದು ಆರ್ಡ್‌ಕ್ರೇಗ್ ಎಂಬ ಮನೆತನದ ಕೆಲಸ. ಇಸೊಬೆಲ್ ಎಂಬ ಮುದುಕಿ, ಅಲ್ಲಿನ ನಿವೃತ್ತ ಶಾಲಾ ಶಿಕ್ಷಕಿ, ಕೇಳಿಕೊಂಡಿದ್ದಳು. ಅವಳ ಪೂರ್ವಿಕ ವಿಲಿಯಂ ಎಂಬವನು ರಾಬರ್ಟ್ ಎಂಬ ದೊರೆಯ ಮಗಳು ಯೂಫೇಮಿಯಾಳನ್ನು ಮದುವೆಯಾಗಿದ್ದ. ಒಂದು ಸನ್ನದಿನಲ್ಲಿ ದೊರೆ ರಾಬರ್ಟ್, ವಿಲಿಯಂನ ತಾಯಿ ಮಾರ್ಜೊರಿಯನ್ನು 'ನನ್ನ ಸೋದರಿ' ಎಂದು ಕರೆದಿದ್ದ. ಅಂದರೆ ವಿಲಿಯಂ ತನ್ನ ಸೋದರಮಾವನ ಮಗಳನ್ನೇ ಮಾಡಿಕೊಂಡನಲ್ಲ! ನಮ್ಮ ಕಡೆ ಅದು ಮನೆತುಂಬ ಖುಷಿಪಡುವ ಸಂಬಂಧ. ಆದರೆ ಅವರ ಧರ್ಮದಲ್ಲಿ ನಾಲ್ಕು ತಲೆಮಾರಿನೊಳಗೆ ಯಾವ ದಿಕ್ಕಿನಿಂದ ರಕ್ತ ಕೂಡಿದರೂ ಮದುವೆ ಅಸಿಂಧು. ಪೋಪರ ಅಪ್ಪಣೆ ಇದ್ದರಷ್ಟೇ ಬಿಡುಗಡೆ, ಆ ಅಪ್ಪಣೆ ಎಲ್ಲೂ ಸಿಕ್ಕಿರಲಿಲ್ಲ. ಹಿಂದಿನ ಶತಮಾನದ ಪಾದ್ರಿಯೊಬ್ಬ ಮನೆತನದ ಇತಿಹಾಸ ಬರೆಯುವಾಗ ಆ ದಂಪತಿಗಳ ಮಕ್ಕಳನ್ನೆಲ್ಲ ಹಾದರದ ಸಂತಾನವೆಂದು ಬರೆದುಬಿಟ್ಟಿದ್ದ. ಊರ ಚರ್ಚಿನಲ್ಲಿ ಮನೆತನದ ಹೆಸರಿನ ಕಲ್ಲು ನೆಡುವಾಗ ಇಸೊಬೆಲ್ಲಳ ಕವಲನ್ನು ಬಿಟ್ಟಿದ್ದರು. "ನನ್ನಪ್ಪ ಅದನ್ನು ನುಂಗಿಕೊಂಡೇ ಸತ್ತ. ನಿಜವಿದ್ದರೆ ನಿಜ ಎಂದೇ ಹೇಳಿ, ನಾನೂ ಸುಮ್ಮನಾಗುತ್ತೇನೆ" ಎಂದು ಮುದುಕಿ ಹೇಳಿದ್ದಳು.

ಅದೇ ದಿನಗಳಲ್ಲಿ ಶಿವದೇವಿಯ ಸ್ವಂತ ಮನೆಗೂ ವರಸೆಯ, ಅಂದರೆ ಯಾರು ಯಾರಿಗೆ ಏನಾಗಬೇಕೆಂಬ, ಮಾತು ಬಂದು ತಗುಲಿತು.

ಮಗಳು ರಶ್ಮಿ ಕಾಲೇಜಿನಲ್ಲಿ ಲೆಕ್ಚರರ್. ಜೀಡಿಮೆಟ್ಲಾದ ಔಷಧ ಕಂಪನಿಯಲ್ಲಿ ವಿಜಯಕುಮಾರನ ಕೈಕೆಳಗೆ ಕೆಮಿಸ್ಟ್ ಆಗಿದ್ದ ಕಲ್ಲೇಶ ಒಂದು ಭಾನುವಾರ ಊಟಕ್ಕೆ ಬಂದವನು, ಆಮೇಲೆ ಏನಾದರೊಂದು ನೆಪ ಹೂಡಿ ಬರತೊಡಗಿದ. ಎರಡೂ ಮನೆಯವರು ಕಲಬುರಗಿ ಸೀಮೆಯವರು, ಒಂದೇ ಜನ, ಬೇರೆ ಬೇರೆ ಬೆಡಗು, ಹಾಗಾಗಿ ಗೋತ್ರದ ಅಡ್ಡಿ ಇರಲಿಲ್ಲ. ಹುಡುಗನ ತಾಯಿ ಗಂಗಾಬಾಯಿಗೆ ರಶ್ಮಿ ಎಂದರೆ ಜೀವ. ನಿಶ್ಚಯ ಕಾರ್ಯದ ಮಾತಾಡಲು ಅವರು ಬಂದಾಗ ಜೊತೆಗೆ ಗಂಗಾಬಾಯಿಯ ಭಾವ ಹಣಮಂತರಾಯರೂ ಬಂದರು. ಮನೆತನಕ್ಕೆ ಹಿರಿಯರು, ಕಡಿಮೆ ಮಾತಿನವರು.

ಚಹಾ ಕುಡಿಯುತ್ತ ಅವರು ಸಹಜವಾಗಿ ಕೇಳಿದರು: "ನಿಮ್ಮ ತಾಯಿ ತವರು ಯಾವೂರವ್ವ?"

"ಸೇಡಂ ಕಡೆ, ಹೊಳಿಕಟ್ಟಿ ರೀ. ನಮ್ಮವ್ವನ ತಾಯಿ ನಿಂಗಮ್ಮ ಅಂತ. ದೊಡ್ಡ ಬೇವಿನ ಗಿಡದ ಮನಿ ಅಂತಿದ್ರು."

ಹಣಮಂತರಾಯರು ಚಹಾದ ಬಸಿ ಕೆಳಗಿಟ್ಟರು. ಗಂಗಾಬಾಯಿಯ ಕಡೆ ನೋಡಿದರು. "ಗಂಗಾ, ನಿಮ್ಮವ್ವನ ತಾಯಿ ಚಂದಮ್ಮ ಇದ್ದದ್ದೂ ಅದೇ ಮನ್ಯಾಗ ಅಲ್ಲೇನು?"

"ಹೌದ್ರೀ. ನಾ ಸಣ್ಣಾಕಿದ್ದಾಗೇ ಹೋದ್ಲು. ನಮ್ಮವ್ವನೂ ಲಗು ಹೋದ್ಲು, ನನಗ ಹೆಚ್ಚು ಗೊತ್ತಿಲ್ಲ."

"ನನಗ ಗೊತ್ತೈತಿ. ಬ್ಯಾಸಗಿ ಸೂಟಿಗೆ ನಮ್ಮ ಸೋದರತ್ತಿ ಮನಿಗೆ ಆ ಊರಿಗೆ ಹೋಗ್ತಿದ್ದೆ. ನಿಂಗಮ್ಮ, ಚಂದಮ್ಮ ಅಕ್ಕತಂಗೇರು. ಒಂದೇ ಗಂಗಾಳದಾಗ ಉಣ್ತಿದ್ರು." ಮುದುಕರ ದನಿ ತಗ್ಗಿತು. "ಅಕ್ಕತಂಗಿ ಮಕ್ಕಳು ಅಕ್ಕತಂಗೇರೇ. ಹಂಗಾದ್ರ ನೀವಿಬ್ರೂ ಅಕ್ಕತಂಗಿ ಆದ್ರಿ. ಈ ಹುಡುಗ, ಈ ಹುಡುಗಿ..."

ಮಾತು ಮುಗಿಸಬೇಕಾಗಿರಲಿಲ್ಲ. ಅಣ್ಣ-ತಂಗಿ. ಗಂಗಾಬಾಯಿ ಸೆರಗು ಬಾಯಿಗೆ ಹಿಡಿದಳು. ಕಲ್ಲೇಶ ಕೂತಲ್ಲೇ ನೆಲ ನೋಡಿದ. ಬಂದವರು ತಾಟಿನಲ್ಲಿದ್ದ ಶೇಂಗಾ ಉಂಡಿಯನ್ನು ಮುಟ್ಟದೆ ಎದ್ದರು.

ಆಮೇಲೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ವಿಜಯಕುಮಾರ ಮಾತ್ರ ಒಮ್ಮೆ ಸಿಟ್ಟಿಗೆದ್ದು, "ಯಾವ ಕಾಲದ ಮಾತು! ರಿಜಿಸ್ಟರ್ ಮಾಡಿಸಿಬಿಡೂಣು" ಎಂದ. ಕಲ್ಲೇಶನೂ ಅದಕ್ಕೆ ತಯಾರಿದ್ದ. ಒಪ್ಪದವಳು ರಶ್ಮಿಯೇ.

"ಕಾನೂನು ಬಿಡಪ್ಪಾ. ಅವರವ್ವ ದಿನಾ ನನ್ನ ಮಾರಿ ನೋಡಿ, ಪಾಪ ಮಾಡಿದ್ವಿ ಅನ್ಕೊಂತ ರೊಟ್ಟಿ ಬಡೀಬೇಕೇನು? ನನಗ ಅಂಥಾ ಮನಿ ಬ್ಯಾಡ."

ಹಾಗೆಂದು ಕಾಲೇಜಿಗೆ ಹೋದಳು, ಬಂದಳು, ಉತ್ತರಪತ್ರಿಕೆ ತಿದ್ದಿದಳು. ಮಗಳು ಅತ್ತಿದ್ದರೆ ಶಿವದೇವಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ತನ್ನ ತಾಯಿ ಶರಣಮ್ಮ ಬದುಕಿದ್ದರೆ ಒಂದು ಮಾತು ಕೇಳಬಹುದಿತ್ತು. ಆದರೆ ಅವಳು ತೀರಿ ಎಷ್ಟೋ ಕಾಲವಾಗಿತ್ತು. ಅವಳ ತವರಿನ ಆ ಮನೆಯೂ ಮಾರಾಟವಾಗಿ, ಜನ ದಿಕ್ಕಾಪಾಲಾಗಿದ್ದರು. ಪರರ ಇಪ್ಪತ್ತು ತಲೆಮಾರು ಹೇಳಬಲ್ಲವಳಿಗೆ ತನ್ನ ಅಜ್ಜಿಯ ಬಗ್ಗೆ ಒಂದು ಹೆಸರಿನಾಚೆ ಏನೂ ಗೊತ್ತಿರಲಿಲ್ಲ.

ಆಫೀಸಿನಲ್ಲಿ ಅವಳು ಆರ್ಡ್‌ಕ್ರೇಗ್ ಕಾಗದಗಳನ್ನು ಮತ್ತೆ ಮೊದಲಿನಿಂದ ಹಿಡಿದಳು. ಬೇರೆ ಏನೂ ಯೋಚಿಸದಿರಲು ಅದೊಂದೇ ದಾರಿಯಾಗಿತ್ತು. ಪಾದ್ರಿ ನೋಡಿದ್ದು ಆ ಮನೆತನದ ಪೆಟ್ಟಿಗೆಯ ಕಾಗದಗಳನ್ನು ಮಾತ್ರ. ಶಿವದೇವಿ ನೆರೆಯ ಮಠವೊಂದರ ದಾನಪತ್ರಗಳನ್ನು ತೆರೆದಳು. ರಾಬರ್ಟ್ ದೊರೆ ತನ್ನವರ ಆತ್ಮಶಾಂತಿಗಾಗಿ ಮಠಕ್ಕೆ ಗಿರಣಿಯೊಂದನ್ನು ಬಿಟ್ಟುಕೊಟ್ಟ ಪತ್ರ ಅವುಗಳಲ್ಲಿತ್ತು. ಪ್ರಾರ್ಥನೆ ಯಾರ್ಯಾರಿಗೆ ಸಲ್ಲಬೇಕೆಂದು ಹೆಸರು ಹೇಳುತ್ತ ಬಂದಿದ್ದ. ನಡುವೆ ಒಂದು ಸಾಲು: 'ತೀರಿಹೋದ ನನ್ನ ತಮ್ಮ ಜಾನ್‌ನ ವಿಧವೆಯೂ, ಈಗ ಥಾಮಸ್‌ನ ಹೆಂಡತಿಯೂ ಆದ ಮಾರ್ಜೊರಿ.'

ಅವಳು ಮತ್ತೆ ಓದಿದಳು. ಥಾಮಸ್ ವಿಲಿಯಂನ ತಂದೆ, ಅದರಲ್ಲಿ ಅನುಮಾನವಿರಲಿಲ್ಲ. ಮಾರ್ಜೊರಿ ದೊರೆಯ ತಂಗಿಯಲ್ಲ, ತಮ್ಮನ ಹೆಂಡತಿ! ಗಂಡ ಸತ್ತ ಮೇಲೆ ಥಾಮಸ್‌ನನ್ನು ಮದುವೆಯಾಗಿ ವಿಲಿಯಂನನ್ನು ಹೆತ್ತಿದ್ದಾಳೆ. ವಿಲಿಯಂಗೂ ಯೂಫೇಮಿಯಾಳಿಗೂ ಒಂದು ಹನಿ ರಕ್ತದ ನಂಟಿಲ್ಲ. ಪೋಪರ ಅಪ್ಪಣೆ ಸಿಗಲಿಲ್ಲ ಏಕೆಂದರೆ ಅದು ಬೇಕಾಗಿರಲೇ ಇಲ್ಲ. ಆ ಕಾಲದವರು ಮನೆಗೆ ಬಂದ ಹೆಣ್ಣನ್ನೂ 'ಸೋದರಿ' ಎನ್ನುತ್ತಿದ್ದರು. ಪಾದ್ರಿ ಅದನ್ನು ಒಡಹುಟ್ಟಿದವಳು ಎಂದು ತಿಳಿದ, ಅಷ್ಟೇ.

"ಮೋಹನ್ ಸರ್, ಸಿಕ್ಕಿತು!" ಎಂದು ಅವಳು ಕೂಗಿದ್ದಕ್ಕೆ ಇಡೀ ಆಫೀಸು ತಿರುಗಿ ನೋಡಿತು. ಮೋಹನ ಬಂದು ಬಗ್ಗಿ ಓದಿ, "ಅಮ್ಮಾ, ಆ ಮುದುಕಿಗೆ ನೀವೇ ಫೋನ್ ಮಾಡಿ" ಎಂದರು. ಅಲ್ಲಿ ಆಗ ಬೆಳಗು. ಇಸೊಬೆಲ್ ಎಲ್ಲ ಕೇಳಿಸಿಕೊಂಡು, "ಒಂದು ನಿಮಿಷ ಇರಿ, ನಾನು ಕೂತ್ಕೋತೀನಿ" ಎಂದಳು.

ಫೋನಿಟ್ಟ ಮೇಲೆ ಶಿವದೇವಿ ಕಿಟಕಿಯ ಹತ್ತಿರ ನಿಂತಳು. ಕೆಳಗೆ ಆಟೋಗಳು ಒಂದಕ್ಕೊಂದು ಹಾರ್ನ್ ಹೊಡೆಯುತ್ತಿದ್ದವು. 'ಸೋದರಿ' ಎಂಬ ಒಂದು ಮಾತು ಅಲ್ಲಿ ಎಷ್ಟು ಜನರನ್ನು ದಾರಿ ತಪ್ಪಿಸಿತು! ನಿಂಗಮ್ಮ, ಚಂದಮ್ಮ ಅಕ್ಕತಂಗೇರು ಎಂದು ಹಣಮಂತರಾಯರಿಗೆ ಯಾರು ಹೇಳಿದರು? ಸೂಟಿಗೆ ಬಂದ ಹುಡುಗನಿಗೆ ಕಣ್ಣಿಗೆ ಕಂಡದ್ದೇ ಖರೆ. ಇದನ್ನು ಕೇಳಲು ಇನ್ನೂ ಬದುಕಿರುವವರು ಯಾರು?

ಸಂಜೆ ತಾಯಿಯ ತವರೂರಿನವರಿಗೆಲ್ಲ ಫೋನು ಹಚ್ಚಿದಳು. ಒಬ್ಬರಿಂದ ಒಬ್ಬರಿಗೆ ದಾಟಿ ಕೊನೆಗೆ ಒಂದು ಹೆಸರು ಸಿಕ್ಕಿತು: ಗದಿಗೆಮ್ಮ. ಬೇವಿನ ಗಿಡದ ಮನೆಯ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು, ತೊಂಬತ್ತರ ಆಸುಪಾಸು. ಇದ್ದದ್ದು ಎಲ್ಲೋ ಅಲ್ಲ, ಸುಲ್ತಾನ್ ಬಜಾರಿನಲ್ಲಿ, ಮಗನ ಸೀರೆ ಅಂಗಡಿಯ ಮೇಲಿನ ಮನೆಯಲ್ಲಿ. ಶಿವದೇವಿ ಆ ಅಂಗಡಿಯಲ್ಲೇ ಎಷ್ಟೋ ಸಲ ಸೀರೆ ಕೊಂಡಿದ್ದಳು.

ಒಬ್ಬಳೇ ಹೋಗಬಾರದೆಂದು ಅವಳಿಗೆ ತೋರಿತು. ಹಣಮಂತರಾಯರಿಗೆ ಫೋನ್ ಮಾಡಿದಳು. "ಕಾಕಾರ, ನೀವೂ ಬರ್ರಿ. ಆಯಿ ಏನ್ ಹೇಳ್ತಾಳೋ ನೀವೇ ನಿಮ್ಮ ಕಿವೀಲೆ ಕೇಳ್ರಿ. ಅಕ್ಕತಂಗೇರು ಅಂದ್ರ ನಾ ಮತ್ತ ಆ ಮಾತು ಎತ್ತೂದಿಲ್ಲ."

ಕೋಠಿಯಲ್ಲಿ ಬಸ್ಸಿಳಿದು, ಜನರನ್ನು ತಳ್ಳಿಕೊಂಡು, ಇಬ್ಬರೂ ಸುಲ್ತಾನ್ ಬಜಾರಿನ ಗಲ್ಲಿ ಹೊಕ್ಕರು. ಮುದುಕರು ಮೆಟ್ಟಿಲು ಹತ್ತುವಾಗ ನಿಂತು, "ಯವ್ವಾ, ನಾ ವೈರಿ ಅಂತ ತಿಳೀಬ್ಯಾಡ. ಆ ಹುಡುಗಿ ನನಗೂ ಸೇರಿತ್ತು" ಎಂದರು.

ಗದಿಗೆಮ್ಮ ಮಂಚದ ಮೇಲೆ ಕೂತು ಅಡಕಿ ಕುಟ್ಟುತ್ತಿದ್ದಳು. ಕಣ್ಣು ಮಂಜು, ಕಿವಿ ಚುರುಕು. ಶಿವದೇವಿ ತಾಯಿಯ ಹೆಸರು ಹೇಳಿದ ಕೂಡಲೇ ಅವಳ ಮುಖವನ್ನು ಎರಡೂ ಕೈಯಿಂದ ಹಿಡಿದು, "ಶರಣಿ ಮಗಳ ನೀನು? ಮೂಗು ಹಂಗೇ ಅದ ನೋಡು" ಎಂದಳು.

ಶಿವದೇವಿ ಸುತ್ತಿಬಳಸದೆ ಕೇಳಿಬಿಟ್ಟಳು: "ಆಯಿ, ನಮ್ಮವ್ವನ ತಾಯಿ ನಿಂಗಮ್ಮ, ಚಂದಮ್ಮ ಏನಾಗಬೇಕು ಒಬ್ಬರಿಗೊಬ್ಬರು?"

"ಏನಾಗಬೇಕು? ಅಕ್ಕತಂಗೇರು! ಊರಾಗ ಅಂಥಾ ಅಕ್ಕತಂಗೇರು ಇದ್ದಿಲ್ಲ. ಚಂದಮ್ಮ ಅಕ್ಕಾ ಅಂತ ಒದರಿದ್ರ ನಿಂಗಮ್ಮ ಹಿಟ್ಟಿನ ಕೈಲೇ ಓಡಿ ಬರ್ತಿದ್ಲು."

ಹಣಮಂತರಾಯರು ಉಸಿರು ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದರು. ಶಿವದೇವಿ, ಮುಗಿಯಿತು ಎಂದುಕೊಂಡಳು. ಏಳಲು ಹೋದವಳು ಮತ್ತೆ ಕೂತಳು. ದೊರೆಯೂ ಹೀಗೇ ಬರೆದಿದ್ದನಲ್ಲ, 'ನನ್ನ ಸೋದರಿ' ಎಂದು. ಕೇಳಬೇಕಾದ ಪ್ರಶ್ನೆ ಇದಲ್ಲ. ಗೆಣೆತನಕ್ಕೆ ದೊಡ್ಡವರು ಏನಾದರೂ ಕರೆದುಕೊಳ್ಳುತ್ತಾರೆ, ಮಕ್ಕಳಿಗೆ ಮಾತ್ರ ವರಸೆ ಹಿಡಿದೇ ಕರೆಯಲು ಕಲಿಸುತ್ತಾರೆ.

"ಆಯಿ, ನಮ್ಮವ್ವ ಸಣ್ಣಾಕಿದ್ದಾಗ ಚಂದಮ್ಮಗ ಏನಂತ ಕರೀತಿದ್ಲು? ದೊಡ್ಡವ್ವ ಅಂತಿದ್ಲೋ? ಚಿಗವ್ವ?"

ಗದಿಗೆಮ್ಮ ಕುಟ್ಟುವುದನ್ನು ನಿಲ್ಲಿಸಿದಳು. "ಚಿಗವ್ವ ಯಾಕ ಅಂತಾಳ? ಅತ್ತಿ ಅಂತಿದ್ಲು. 'ಅತ್ತೀ, ತಲಿ ಬಾಚು' ಅಂತ ದಿನಾ ಮುಂಜಾನಿ ಅಳೂದು."

"ಅತ್ತಿ?" ಹಣಮಂತರಾಯರು ಗರ್ರನೆ ತಿರುಗಿದರು. "ಅತ್ತಿ ಹ್ಯಾಂಗ ಆಗ್ತಾಳ ಆಯಿ? ಅಕ್ಕತಂಗೇರು ಅಂದ್ರಿ ಈಗ!"

"ನೀ ಯಾರಪ್ಪಾ? ಅಪ್ಪನ ತಂಗಿಗೆ ಅತ್ತಿ ಅನ್ನದ ಮತ್ತೇನಂತಾರ?" ಮುದುಕಿಗೆ ಸಿಟ್ಟೇ ಬಂತು. "ಚಂದಮ್ಮ ಹುಟ್ಟಿದ್ದೇ ಆ ಬೇವಿನ ಗಿಡದ ಮನ್ಯಾಗ. ನಿಂಗಮ್ಮ ಆಕಿ ಅಣ್ಣನ ಹೇಂತಿ, ಬ್ಯಾರೆ ಊರಿಂದ ಬಂದಾಕಿ. ಗಂಡ ಸತ್ತು ಚಂದಮ್ಮ ಕೂಸು ಕಟಗೊಂಡು ತವರಿಗೆ ಬಂದ್ಲು ನೋಡು, ಅವತ್ತು ನಿಂಗಮ್ಮ ಬಾಗಲಾಗ ನಿಂತು, 'ನೀ ನನಗ ನಾದಿನಿ ಅಲ್ಲ, ತಂಗಿ. ಇವತ್ತಿಂದ ಅಕ್ಕಾ ಅನ್ನು' ಅಂದ್ಲಂತ. ನಾ ಲಗ್ನಾಗಿ ಬಂದಾಗ ಊರೆಲ್ಲ ಅದೇ ಮಾತು. ಅಂಥಾಕಿ ಆಕಿ."

ಹಣಮಂತರಾಯರು ಬೆರಳು ಮಡಚುತ್ತ ತಮ್ಮಷ್ಟಕ್ಕೇ ಲೆಕ್ಕ ಹಾಕಿದರು. "ಅತ್ತಿಗಿ, ನಾದಿನಿ... ಅವರ ಮಕ್ಕಳು ಅಣ್ಣನ ಮಗಳು, ತಂಗಿ ಮಗಳು, ಅವರೂ ಅತ್ತಿಗಿ-ನಾದಿನೀನೇ... ಹಂಗಾದ್ರ ಗಂಗಾ ನಿನಗ ತಂಗಿ ಅಲ್ಲ, ಅತ್ತಿ ಮಗಳಾದ್ಲು. ನಿನ್ನ ಮಗಳಿಗೆ ಅತ್ತಿ. ಕಲ್ಲೇಶ..." ಎಂದವರು ನಕ್ಕರು. ಅವರು ನಗುವುದನ್ನು ಶಿವದೇವಿ ನೋಡಿದ್ದು ಅದೇ ಮೊದಲು. "ಅತ್ತಿ ಮಗ! ಯವ್ವಾ, ಹುಡುಕಿದ್ರೂ ಸಿಗೂದಿಲ್ಲ ಇಂಥಾ ವರಸಿ!"

ಶಿವದೇವಿಗೆ ನಗು ಬರಲಿಲ್ಲ. ಗದಿಗೆಮ್ಮನ ತೊಡೆಯ ಮೇಲೆ ಹಣೆಯಿಟ್ಟು ಅತ್ತಳು. ಅಷ್ಟೂ ದಿನ ಹಿಡಿದಿಟ್ಟದ್ದು ಒಮ್ಮೆಲೇ ಹೊರಗೆ ಬಂತು. ಏನಾಯಿತೆಂದು ಪೂರಾ ತಿಳಿಯದಿದ್ದರೂ ಮುದುಕಿ ಅವಳ ಬೆನ್ನು ಸವರಿ, "ಅಳು, ಅಳು. ಆಮ್ಯಾಲ ಉಂಡು ಹೋಗು" ಎಂದಳು.

ಹಣಮಂತರಾಯರು ಅಲ್ಲಿಂದಲೇ ಗಂಗಾಬಾಯಿಗೆ ಫೋನು ಹಚ್ಚಿ, ನಡೆದದ್ದನ್ನೆಲ್ಲ ಕೂಗಿ ಕೂಗಿ ಹೇಳಿದರು. ಆಮೇಲೆ ಫೋನನ್ನು ಶಿವದೇವಿಯ ಕೈಗಿತ್ತರು. ಆಚೆಯಿಂದ ಗಂಗಾಬಾಯಿ ಅಳುವುದೋ ನಗುವುದೋ ತಿಳಿಯದ ದನಿಯಲ್ಲಿ, "ಇನ್ನ ನಿಮಗ ಅಕ್ಕ ಅನ್ನಂಗಿಲ್ರೀ, ಅತ್ತಿಗಿ ಅನ್ನಬೇಕು" ಎಂದಳು.

"ಏನರ ಅನ್ರಿ. ನಾಳೆ ಬರ್ರಿ ಮೊದಲ."

ರಶ್ಮಿಗೆ ಹೇಳಿದಾಗ ಅವಳು ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದಳು. "ಹೌದಾ" ಎಂದಳು. ಸ್ವಲ್ಪ ತಡೆದು, "ಖರೇನಾ ಅವ್ವಾ?" ಎಂದಳು. ಮತ್ತೆ ತಡೆದು, "ನಾ ಈಗ ಕ್ಲಾಸಿಗೆ ಹೋಗಬೇಕು, ಹ್ಯಾಂಗ ಹೋಗ್ಲಿ?" ಎಂದು ಮೂಗು ಒರೆಸಿಕೊಂಡಳು.

ಗದಿಗೆಮ್ಮನ ಸೊಸೆ ಬಡಿಸಿದ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು, ಹಣಮಂತರಾಯರನ್ನು ಆಟೋ ಹತ್ತಿಸಿ, ಶಿವದೇವಿ ಕೋಠಿಯಲ್ಲಿ ಮನೆ ಕಡೆಯ ಬಸ್ ಹಿಡಿದಳು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹಲವು ದಿನಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಕೂತ ಕೂಡಲೇ ಕಣ್ಣು ಮುಚ್ಚಿದವು. ಅವಳ ಸ್ಟಾಪು ಬಂದು ಹೋಯಿತು. ಕಂಡಕ್ಟರು, "ಅಮ್ಮಾ, ದಿಗಂಡಿ, ಲಾಸ್ಟ್ ಸ್ಟಾಪ್" ಎಂದು ತೆಲುಗಿನಲ್ಲಿ ಇಳಿಯಲು ಹೇಳಿ ಎಬ್ಬಿಸಿದಾಗ ಎಲ್ಲಿದ್ದೇನೆಂದು ಅವಳಿಗೆ ತಿಳಿಯಲೇ ಇಲ್ಲ. ಕೆಳಗಿಳಿದು, ಸೆರಗು ಸರಿಮಾಡಿಕೊಂಡು, ವಾಪಸು ಬಸ್ಸಿಗಾಗಿ ಬಿಸಿಲಿನಲ್ಲಿ ನಿಂತಳು. ಬಸ್ಸು ತಡವಾಯಿತು. ಆಗಲಿ ಬಿಡು ಎಂದು ನಿಂತೇ ಇದ್ದಳು.