ಒಂದು ಮೀಟರಿನ ಕೆರೆಮಣ್ಣು

ಊರ ಕೆರೆಯ ಗೋಡುಮಣ್ಣನ್ನು ತನ್ನ ಒಂದೂವರೆ ಎಕರೆ ಗರಸು ಹೊಲಕ್ಕೆ ಹೊಡೆಸಿಕೊಳ್ಳುತ್ತೇನೆಂದು ಮುನಿಸ್ವಾಮಪ್ಪ ಪಂಚಾಯಿತಿಗೆ ಅರ್ಜಿ ಕೊಟ್ಟು ಎರಡು ಬೇಸಿಗೆ ಕಳೆದಿದ್ದವು. ಕೆರೆಗೆ ಹತ್ತಿರದ ಚಿನ್ನದ ಗಣಿಯ ದೂಳು ಬಿದ್ದಿದೆಯೋ ಇಲ್ಲವೋ ನೋಡಿದ ಮೇಲೆಯೇ ಅನುಮತಿ ಎಂದಿದ್ದರು. ನೋಡಲು ಬಂದವಳು ಬೆಂಗಳೂರಿನ ಕಾಲೇಜಿನ ಲಿಖಿತ. ಬಂಗಾರಪೇಟೆಯಲ್ಲಿ ರೈಲಿಳಿದು ಬಸ್ಸು ಹಿಡಿದು ಬಂದಿದ್ದಳು.

ಬತ್ತಿದ ಕೆರೆಯಂಗಳದಲ್ಲಿ ಇಬ್ಬರೂ ಒಂದು ಮೀಟರಿನ ಪ್ಲಾಸ್ಟಿಕ್ ಪೈಪನ್ನು ಮರದ ಕೊಡತಿಯಿಂದ ಬಡಿದಿಳಿಸಿ, ಮಣ್ಣಿನ ಸಮೇತ ಕಿತ್ತರು. ಮೇಲಿನ ಮಣ್ಣು ಹೊಸದು, ಕೆಳಗಿನದು ಹಳೆಯದು; ಗಣಿಯ ದೂಳಿರುವ ಕಡೆ ಕಬ್ಬಿಣದ ಅಂಶ ಹೆಚ್ಚಿ ಯಂತ್ರದ ಅಂಕಿ ಏರುತ್ತದೆ ಎಂದು ಲಿಖಿತ ವಿವರಿಸಿದಳು.

"ಸಮುದ್ರದ ತಳದ ಮಣ್ಣನ್ನೂ ಹೀಗೇ ನೋಡೋದು, ತಾತ."

"ಅದನ್ನ ಯಾರ ಒಲಕ್ಕೆ ಒಡೀತಾರಮ್ಮ?"

ಯಾರ ಹೊಲಕ್ಕೂ ಇಲ್ಲ ಎಂದಳು. ಮುನಿಸ್ವಾಮಪ್ಪನಿಗೆ ಸಮುದ್ರದ ಮೇಲಿದ್ದ ಅಷ್ಟಿಷ್ಟು ಗೌರವವೂ ಹೋಯಿತು.

ಪೈಪಿನ ಎರಡೂ ತುದಿಗೆ ಮುಚ್ಚಳ ಹಾಕಿ ಮನೆಯ ಜಗುಲಿಗೆ ತಂದರು. ಲಿಖಿತ ಹಿತ್ತಲಲ್ಲಿ ಕೈಕಾಲು ತೊಳೆದು, ಮುದ್ದೆ ಉಂಡು ಬಂದು, ಬಳೆಯಂಥ ಯಂತ್ರದೊಳಗೆ ಪೈಪನ್ನು ಬೆರಳಗಲ ಬೆರಳಗಲವೇ ತೂರಿಸತೊಡಗಿದಳು. ಮೇಲಿನ ತುದಿಯಲ್ಲೇ ಅಂಕಿ ಎಗರಿತು. ಇನ್ನೊಮ್ಮೆ ನೋಡಿದಳು. ಮತ್ತೆ ಎಗರಿತು.

"ಮೇಲ್ಮಣ್ಣಲ್ಲೇ ಇಷ್ಟಿದೆ, ತಾತ. ಹೊಲಕ್ಕೆ ಹಾಕಿ ಅಂತ ನಾನು ಬರೆಯೋಕಾಗಲ್ಲ."

ಮುನಿಸ್ವಾಮಪ್ಪ ಕಂಬಕ್ಕೆ ಒರಗಿದ. ಅವನ ಹೆಂಡತಿ ಮುತ್ಯಾಲಮ್ಮ ತಟ್ಟೆ ಬಳಿಯುತ್ತಲೇ ಹೇಳಿದಳು: "ಮೊಳೆ ಐತಲ್ಲ, ತೋರಿಸ್ದೆ ಇರ್ತದಾ?"

"ಯಾವ ಮೊಳೆ?"

"ಲಾಳದ ಮೊಳೆ. ಈಯಮ್ಮ ಕೈ ತೊಳೀತಿದ್ದಾಗ ಮುಚ್ಚಳ ತೆಗ್ದು ಒತ್ತಿದೆ. ಮಟಮಟ ಮಧ್ಯಾಹ್ನ ಕೆರೆ ಗಂಗಮ್ಮನ ಮಣ್ಣು ಉಣಸೇಮರ ದಾಟಿ ಊರಾಚೆ ಓಗ್ತದೆ. ಕೋಳಿಸಾರು ಕಳಿಸ್ದಾಗ ಗಾಳಿ ಸೋಕ್ದಂಗೆ ಕಬ್ಬಿಣದ ಚೂರು ಇಡಲ್ವಾ? ಅಂಗೇ. ಇದ್ದಲೂ ಆಕಿದೀನಿ. ಅದನ್ನ ನಿನ್ ಮಿಷನ್ನು ಏಳ್ಲಿಲ್ವೇನಮ್ಮ?"

"ಇಲ್ಲ ಅಜ್ಜಿ, ಇದ್ದಿಲು ಇದಕ್ಕೆ ಗೊತ್ತಾಗಲ್ಲ," ಎಂದಳು ಲಿಖಿತ.

ಚಮಚದಿಂದ ಮೊಳೆ ಕಿತ್ತು ಮತ್ತೆ ಅಳೆದಳು. ಮೇಲ್ಮಣ್ಣಿಗೆ ಅಂಕಿ ಏರಲಿಲ್ಲ. ಹತ್ತು ಸೆಂಟಿಮೀಟರು, ಇಪ್ಪತ್ತು, ನಲವತ್ತು. ಮುನಿಸ್ವಾಮಪ್ಪ ಯಂತ್ರವನ್ನು ಬಿಟ್ಟು ಅವಳ ಹುಬ್ಬನ್ನೇ ನೋಡುತ್ತ ಕೂತ. ಐವತ್ತೈದಕ್ಕೆ ಹುಬ್ಬು ಗಂಟಿಕ್ಕಿತು, ಕೊನೆಯವರೆಗೂ ಬಿಚ್ಚಲಿಲ್ಲ.

"ಅಲ್ಲೂ ಏನಾರ ಇಟ್ಟಿದ್ಯೇನೇ?"

"ಅಷ್ಟುದ್ದ ನನ್ ಕೈ ಓಗ್ತದಾ?"

ಲಿಖಿತ ಬರೆದುಕೊಂಡಳು. "ಒಂದೂವರೆ ಅಡಿ ತನಕ ಧಾರಾಳವಾಗಿ ತೆಗೀಬಹುದು, ತಾತ. ಅದರ ಕೆಳಗಿಂದು ಗಣಿ ದೂಳೋ ಬೇರೇನೋ, ಲ್ಯಾಬಲ್ಲಿ ನೋಡೋವರೆಗೂ ಮುಟ್ಟಬೇಡಿ. ಹಾಗೇ ಬರೀತೀನಿ."

ನಾಲ್ಕಡಿ ತೆಗೆಯುವ ಲೆಕ್ಕದಲ್ಲಿದ್ದ ಮುನಿಸ್ವಾಮಪ್ಪ ಜೆಸಿಬಿಯ ಆರುಮುಗಂಗೆ ಫೋನು ಹಚ್ಚಿದ.

"ಒಂದೂವರೆ ಅಡಿನಾ?" ಆರುಮುಗಂ ನಕ್ಕ. "ಅಣ್ಣೋ, ನನ್ ಗಾಡಿ ಒಂದ್ಸಲ ಬಾಯಾಕಿದ್ರೆ ಮೂರಡಿ. ಅಳ್ದು ತಿನ್ನೋದು ಅದಕ್ಕೆ ಬರಲ್ಲ. ಅಳತೆ ಬೇಕಿದ್ರೆ ಸನಿಕೆ ತಕ್ಕೊಂಡು ಅಗೀ."

ಮುನಿಸ್ವಾಮಪ್ಪ ಫೋನು ಜೇಬಿಗಿಟ್ಟ.

"ಸನಿಕೆ ಎಲ್ಲಿ ಮಡಗಿದ್ದೀಯೇ?"

"ಎಷ್ಟು ಬೇಕು?"

"ಎರಡು."

"ಇನ್ನೊಂದು ಯಾರಿಗೆ?" ಎಂದಳು ಮುತ್ಯಾಲಮ್ಮ.

"ಮೊಳೆ ಒತ್ತಿದ ಕೈಗೆ," ಎಂದ ಮುನಿಸ್ವಾಮಪ್ಪ.