ಕಂಪನಿದ್ದಂಗ

ಮೂವತ್ತೊಂದು ವರ್ಷ ಹಾನಗಲ್ಲಿನಲ್ಲಿ ಆಟೊಮೊಬೈಲ್ ಪಾಠ ಹೇಳಿ ನಿವೃತ್ತನಾದವನು ನಾನು. ಅಷ್ಟು ವರ್ಷಗಳಲ್ಲಿ ಸ್ವಂತ ಕೈಯಿಂದ ಬಿಚ್ಚಿದ ಎಂಜಿನ್ನುಗಳನ್ನು ಬೆರಳೆಣಿಸಿ ಹೇಳಬಹುದು. ಹೀಗಾಗಿ ರಂಜನಾ ತನ್ನ ಕಾರಿನ ವಿಷಯ ಹಿಡಿದುಕೊಂಡು ಬಂದಾಗ ನನ್ನ ಪಾಲಿಗೆ ಬಂದದ್ದು ಬಾಯಿ ಕೆಲಸ. ಕೈ ಕೆಲಸವೆಲ್ಲ ಸವಣೂರಿನ ಮೆಕ್ಯಾನಿಕ್ ಮಲ್ಲಿಕಸಾಬನದು.

ರಂಜನಾ ನನ್ನ ಹಳೆಯ ವಿದ್ಯಾರ್ಥಿನಿ, ಹತ್ತಿಮತ್ತೂರಿನ ಮೆಣಸಿನಕಾಯಿ ವ್ಯಾಪಾರಿ ಮೃತ್ಯುಂಜಯನ ಮಗಳು. ಅಪ್ಪ ಬಳಸಿ ಬಿಟ್ಟ ಟರ್ಬೊ ಪೆಟ್ರೋಲ್ ಕಾರಿನಲ್ಲಿ ಎರಡು ವರ್ಷದಿಂದ ಮಣ್ಣಿನ ಟ್ರ್ಯಾಕಿನ ರೇಸುಗಳಿಗೆ ಹೋಗುತ್ತಿದ್ದಳು. ಎರಡು ಸಲವೂ ನಾಲ್ಕನೆಯವಳು. ಮೂರನೆಯ ಸಲಕ್ಕೆ ಮೃತ್ಯುಂಜಯ ನನ್ನೆದುರಿಗೇ ಷರತ್ತು ಹಾಕಿದ.

"ಇದೊಂದ ಸಲ ನೋಡವಾ. ಮೊದಲನೇ ನಂಬರ ಬಂತಂದ್ರ ಗಾಡಿ ನಿಂದು. ಇಲ್ಲಾಂದ್ರ ಹಿರೇಕೆರೂರಾಗ ಗಿರಾಕಿ ಅದಾನ, ಕೊಟ್ಟಬಿಡ್ತೇನಿ."

ಅವನು ಆಡಿದ ಮಾತು ತಪ್ಪುವವನಲ್ಲ. ವ್ಯಾಪಾರಕ್ಕೆ ಅದು ಒಳ್ಳೆಯ ಗುಣ, ಮಗಳಿಗೆ ಅಲ್ಲ.

ರೇಸಿನ ನಿಯಮ ಸರಳವಾಗಿತ್ತು. ಟರ್ಬೊ ದೊಡ್ಡದು ಹಾಕಬಹುದು, ಪಿಸ್ಟನ್ನು ಬದಲಿಸಬಹುದು, ಇಂಧನ ಹೆಚ್ಚು ಬಿಡಬಹುದು. ಎಂಜಿನ್ನಿನ ಮೇಲೆ ಕೂರುವ ಸಿಲಿಂಡರ್ ಹೆಡ್ ಮಾತ್ರ ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕು. ಗಾಳಿ ಒಳಗೆ ಹೋಗುವ ದಾರಿ, ಹೊರಗೆ ಬರುವ ದಾರಿ ಎಲ್ಲ ಅದರಲ್ಲೇ ಇರುವುದರಿಂದ ಅಲ್ಲಿ ಒಂದಿಷ್ಟು ಉಜ್ಜಿದರೂ ಶಕ್ತಿ ಏರುತ್ತದೆ. ಈ ಇಂಗ್ಲಿಷ್ ನಿಯಮವನ್ನು ಮಲ್ಲಿಕಸಾಬನಿಗೆ ಕನ್ನಡದಲ್ಲಿ ತಿಳಿಸುವ ಹೊಣೆ ನನ್ನದಾಯಿತು.

"ಮಲ್ಲಿಕಸಾಬ, ಕೆಳಗ ಏನ ಬೇಕಾದ್ದ ಮಾಡ್ರಿ. ಹೆಡ್ ಮಾತ್ರ ಕಂಪನಿದ್ದಂಗ ಇರಬೇಕು" ಎಂದೆ.

"ಇಷ್ಟ ಹೌದಲ್ರಿ ಸರ? ಚಿಂತೀನ ಬ್ಯಾಡ, ಕಂಪನಿದ್ದಂಗ ಇರ್ತೈತಿ" ಎಂದು ಅವನು ಎದೆಯ ಮೇಲೆ ಕೈ ಇಟ್ಟ.

ಹದಿನೆಂಟು ದಿನ ಕೆಲಸ ನಡೆಯಿತು. ಪಿಸ್ಟನ್ನು ಬದಲಿಸಲು ಹೆಡ್ ಇಳಿಸಲೇಬೇಕಾಗಿತ್ತು. ಇಳಿಸಿದ್ದನ್ನು ಅವನು ತನ್ನ ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟುಕೊಂಡಿದ್ದ. ನಾನು ಒಮ್ಮೆ ಹೋಗಿ ಚಹಾ ಕುಡಿದು ಬಂದೆ. ಗಾಡಿ ತಯಾರಾದ ಮೇಲೆ ಹಂಸಭಾವಿ ಕಡೆಯ ಖಾಲಿ ರಸ್ತೆಯಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಎಂಜಿನ್ನಿನ ಟ್ಯೂನಿಂಗ್ ಮಾಡಿದವನು ನಾನೇ. ನನ್ನ ಲೆಕ್ಕಕ್ಕಿಂತ ಅದು ಹೆಚ್ಚು ಎಳೆಯುತ್ತಿತ್ತು. ಒಳಗೆ ಟಕಟಕ ಸದ್ದು ಬಂದು, ಕಿಡಿ ಹಾರುವ ಹೊತ್ತನ್ನು ಸ್ವಲ್ಪ ತಡ ಮಾಡಬೇಕಾಯಿತು. ಸದ್ದಿಗೆ ಪೆಟ್ರೋಲನ್ನು ಬೈದೆ, ಎಳೆತದ ಶ್ರೇಯಸ್ಸನ್ನು ನಾನೇ ಇಟ್ಟುಕೊಂಡೆ. ಮೇಷ್ಟರ ಬುದ್ಧಿ ನಿವೃತ್ತಿಯಾಗುವುದಿಲ್ಲ.

ಶಿಗ್ಗಾಂವಿಯಾಚೆಯ ಮೊರಮಿನ ಬಯಲಿನಲ್ಲಿ ರೇಸು. ರಂಜನಾ ಎರಡನೆಯವನಿಗಿಂತ ನಾಲ್ಕು ಸೆಕೆಂಡು ಮೊದಲೇ ಬಂದಳು. ಹೆಲ್ಮೆಟ್ ತೆಗೆದವಳ ಕಣ್ಣು ರೆಪ್ಪೆಯೆಲ್ಲ ಕೆಂಪು ಧೂಳು. "ಸರ, ಗಾಡಿ ನಂದಾತ್ರಿ" ಎಂದಳು.

ಗೆದ್ದ ಗಾಡಿಯ ಹೆಡ್ ಬಿಚ್ಚಿ ನೋಡುವುದು ಅಲ್ಲಿನ ಪದ್ಧತಿ. ಸಂಜೆ ನಾಲ್ಕಕ್ಕೆ ಹುಬ್ಬಳ್ಳಿಯಿಂದ ಬಂದಿದ್ದ ಪರೀಕ್ಷಕರು ಹೆಡ್ ಇಳಿಸಿ ಮಗುಚಿ, ಗಾಳಿ ಹೋಗುವ ದಾರಿಯೊಳಗೆ ಬ್ಯಾಟರಿ ಬೆಳಕು ಬಿಟ್ಟರು, ಬೆರಳು ಹಾಕಿ ಸವರಿದರು. ಎರಕ ಹೊಯ್ದ ಲೋಹ ಒಳಗೆ ತರಿತರಿಯಾಗಿರಬೇಕು. ಇಲ್ಲಿ ಸ್ಟೀಲ್ ತಾಟಿನಂತೆ ನುಣುಪಾಗಿತ್ತು. ಎತ್ತರ ಅಳೆದರೆ ಅದೂ ಕೂದಲೆಳೆಯಷ್ಟು ಕಡಿಮೆ.

"ಇದನ್ನ ಯಾರು ಮಾಡಿದ್ದು?"

ಮಲ್ಲಿಕಸಾಬ ಗುಂಪನ್ನು ಸರಿಸಿಕೊಂಡು ಮುಂದೆ ಬಂದ. ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದ.

"ನಾನರೀ ಸಾಹೇಬ್ರ. ಒಳಗೆಲ್ಲಾ ಉಜ್ಜೇನಿ, ತಳಾ ಫೇಸಿಂಗ್ ಹೊಡಿಸಿ ಸಪಾಟ ಮಾಡೇನಿ, ವಾಲ್ವ್ ಕುಂಡ್ರಿಸೇನಿ. ಹನ್ನೊಂದ ದಿನಾ ಹಿಡೀತ್ರಿ. ಕಂಪನಿಯವ್ರು ಬಂದ್ರೂ ತಪ್ಪ ತೆಗ್ಯಾಕ ಆಗೂದಿಲ್ಲ."

ಆಗ ನನಗೆ ತಿಳಿಯಿತು. ನಮ್ಮ ಕಡೆ ಗ್ಯಾರೇಜಿಗೆ ಬರುವ ಪ್ರತಿಯೊಬ್ಬನೂ ಸವೆದದ್ದನ್ನು ತಂದಿಟ್ಟು "ಕಂಪನಿದ್ದಂಗ ಮಾಡ್ರಿ" ಅನ್ನುತ್ತಾನೆ. ಏನೂ ಕಸರು, ಕುಂದು ಉಳಿಯದಂತೆ ಹೊಸದು ಮಾಡಿ ಎಂದು ಅದರ ಅರ್ಥ. ನಲವತ್ತು ವರ್ಷ ಮಲ್ಲಿಕಸಾಬ ಅದನ್ನೇ ಕೇಳಿದ್ದಾನೆ. ಮುಟ್ಟಬೇಡಿ ಎಂಬ ಅರ್ಥದಲ್ಲಿ ಅಂದದ್ದು ನಾನು. ಮನಸಿಟ್ಟು ಮಾಡು ಎಂದು ಕೇಳಿಸಿದ್ದು ಅವನಿಗೆ. "ಮುಟ್ಟಬ್ಯಾಡ್ರಿ" ಎಂಬ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ.

ಪರೀಕ್ಷಕರು ಒಳ್ಳೆಯವರೇ. ಕೆಲಸ ಬಹಳ ಚೆನ್ನಾಗಿದೆ ಎಂದು ಅವನ ಭುಜ ತಟ್ಟಿ, ಹಾಳೆಯಲ್ಲಿ ರಂಜನಾಳ ಹೆಸರಿನ ಮೇಲೆ ಗೆರೆ ಎಳೆದರು. ಅವರು ಭುಜ ತಟ್ಟಿದ್ದು ಮಲ್ಲಿಕಸಾಬನಿಗೆ ಗೊತ್ತಾಯಿತು, ಗೆರೆ ಗೊತ್ತಾಗಲಿಲ್ಲ.

ಬಹುಮಾನದ ಕಪ್ಪು ಎರಡನೆಯವನ ಕೈಗೆ ಹೋದಾಗಲೇ ಅವನ ಮುಖ ಇಳಿದದ್ದು. ಹೇಳಬೇಕಾದವನು ನಾನು. ತಪ್ಪು ನನ್ನದು ಎಂದು ನಾಲಿಗೆಯ ತುದಿಗೆ ಬಂದಿತ್ತು. ವಿದ್ಯಾರ್ಥಿನಿಯ ಎದುರು ಹೊರಬೀಳಲಿಲ್ಲ. ಈಗಲೂ ನಾಚಿಕೆಯಾಗುತ್ತದೆ. ಅವನು ನನ್ನನ್ನು ಬಿಟ್ಟು ರಂಜನಾಳ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದ.

"ಯಾಕ ಬೇಟಿ, ನನ್ನ ಕೆಲಸದಾಗ ಏನರ ಕಸರ ಉಳಿದಿತ್ತೇನು?"

ಅವಳು ನನ್ನ ಕಡೆ ಒಮ್ಮೆ ನೋಡಿದಳು. ಅವಳಿಗೆ ಎಲ್ಲ ತಿಳಿದಿತ್ತು. ಜೇಬಿನಿಂದ ಕಾರಿನ ಕೀಲಿ ತೆಗೆದು, ಪಕ್ಕದಲ್ಲೇ ನಿಂತಿದ್ದ ಅಪ್ಪನಿಗೆ ಕೊಡುವ ಮೊದಲು ಅದರ ಮೇಲಿನ ಧೂಳನ್ನು ದುಪಟ್ಟಾದಿಂದ ಒರೆಸಿದಳು.

"ಇಲ್ಲ ಚಾಚಾ," ಎಂದಳು. "ಒಂದೂ ಉಳಿದಿದ್ದಿಲ್ಲ."